ತ್ರಿಶಲಾಳ ಒಂಬತ್ತು ಸೆಕೆಂಡು

ಮೂಡಲಗಿಯ ಕೆಂಪವ್ವ ಗೋಕಾಕದ ನಮ್ಮ ಸ್ಟುಡಿಯೋದ ಮೆಟ್ಟಿಲೇರಿ ಬಂದದ್ದು ನಮ್ಮ ಮನೆಯವರನ್ನು ಹುಡುಕಿಕೊಂಡು. ನಾನು ಒಳಕೋಣೆಯಲ್ಲಿ ಕೂತು ಅಂಕಲಗಿಯ ಒಂದು ಮದುವೆಯ ಕ್ಯಾಸೆಟ್ಟು ಜೋಡಿಸುತ್ತಿದ್ದೆ. ಅದು ಎರಡು ಸಾವಿರದ ಎರಡನೆಯ ಇಸವಿಯ ಬೇಸಿಗೆ, ಮದುವೆಗಳ ಸುಗ್ಗಿ. ಕೆಂಪವ್ವ ಮೂಡಲಗಿಯ ಮಹಿಳಾ ಸಂಘದ ಅಧ್ಯಕ್ಷೆ. ಹಾಲಿನ ಡೇರಿಯ ಗದ್ದಲದಲ್ಲಿ ಮಾತಾಡಿ ಮಾತಾಡಿ ಗಟ್ಟಿಯಾದ ದನಿ ಅವರದು. ಪರದೆಯ ಆಚೆ ನಿಂತು ಆಡಿದ ಒಂದೊಂದು ಮಾತೂ ನನಗೆ ಕೇಳುತ್ತಿತ್ತು.

“ಸಂಘಕ್ಕ ಒಂದ ಕಂಪ್ಯೂಟರ್ ಬಂದೈತ್ರಿ. ಎಲ್ಲಾರೂ ಟೈಪಿಂಗ ಕಲಸ್ರಿ ಅನ್ನಾಕತ್ತಾರ. ನಮ್ಮ ಹೆಣ್ಣಮಕ್ಕಳು ಟೈಪ್ ಮಾಡಿ ಯಾರಿಗಿ ಪತ್ರ ಕಳಸಬೇಕ್ರಿ? ಮದುವಿ ಮಾತ್ರ ಊರಾಗ ದಿನಾ ಆಗತಾವ. ಮದುವಿ ಕ್ಯಾಸೆಟ್ ಮಾಡೂದ ಕಲಸಿ ಕೊಡ್ರಿ.”

“ನನಗೆಲ್ಲಿ ಪುರಸತ್ತ ಐತ್ರಿ? ದಿನಕ್ಕ ಎರಡೆರಡ ಶೂಟಿಂಗ್,” ಎಂದರು ನಮ್ಮವರು. “ಒಳಗ ನಮ್ಮ ರೂಪಾಲಿ ಅದಾಳ ನೋಡ್ರಿ. ಜೋಡಸೂದೆಲ್ಲಾ ಆಕೀನ. ಕೇಳ್ರಿ ಬೇಕಾದ್ರ.”

ಕೆಂಪವ್ವ ಪರದೆ ಸರಿಸಿ ಒಳಗೆ ಇಣುಕಿದರು. ನನ್ನನ್ನೂ, ನನ್ನ ಎದುರಿನ ಎರಡು ವಿ.ಸಿ.ಆರ್.ಗಳನ್ನೂ, ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಹೊಸ ಕಂಪ್ಯೂಟರನ್ನೂ ನೋಡಿದರು.

“ಕಂಪ್ಯೂಟರಿನ್ಯಾಗ ಮಾಡಾಕ ಬರತೈತೇನವಾ ನಿನಗ?”

“ಹೂಂ, ಬರತೈತ್ರಿ,” ಎಂದುಬಿಟ್ಟೆ.

ಬರುತ್ತಿರಲಿಲ್ಲ. ಎಂಟು ವರ್ಷ ನಾನು ಮಾಡಿದ್ದು ಎರಡು ವಿ.ಸಿ.ಆರ್.ಗಳ ಕೆಲಸ. ಒಂದರಲ್ಲಿ ಕ್ಯಾಸೆಟ್ಟು ಓಡಿಸುವುದು, ಬೇಕಾದದ್ದು ಬಂದಾಗ ಇನ್ನೊಂದರಲ್ಲಿ ಒತ್ತುವುದು, ಬೇಡವಾದಾಗ ನಿಲ್ಲಿಸುವುದು. ಬೆರಳುಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಬೇಕಾದ ಅಗತ್ಯ ಬಿದ್ದಿರಲಿಲ್ಲ. ಕಂಪ್ಯೂಟರು ಬಂದು ಎರಡು ತಿಂಗಳಾಗಿತ್ತು. ಬೆಳಗಾವಿಯಿಂದ ಬಂದ ಒಬ್ಬರು ಎರಡು ದಿನ ತೋರಿಸಿ ಹೋಗಿದ್ದರು. ಚಾಲೂ ಮಾಡುವುದು, ಕ್ಯಾಸೆಟ್ಟಿನದನ್ನು ಒಳಗೆ ತುಂಬುವುದು, ಒಂದು ನಮೂನೆಯ ಕಟ್, ಇಷ್ಟು ನನ್ನ ವಿದ್ಯೆ.

ಯಾಕೆ ಹೂಂ ಎಂದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನೂರಾರು ಮದುವೆ ಜೋಡಿಸಿದ್ದೆ. ಯಾವ ಕ್ಯಾಸೆಟ್ಟಿನ ಮೇಲೂ ನನ್ನ ಹೆಸರಿರಲಿಲ್ಲ. ಇರಬೇಕು ಎಂದು ಅನಿಸಿಯೂ ಇರಲಿಲ್ಲ. ಆ ದಿನ ಒಬ್ಬರು ಪರದೆ ಸರಿಸಿ, ನಿನಗೆ ಬರುತ್ತದೆಯೇ ಎಂದು ನನ್ನನ್ನೇ ಕೇಳಿದರು. ಹಾಗೆ ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಇಲ್ಲ ಎನ್ನಲು ನಾಲಗೆ ಹೊರಳಲಿಲ್ಲ.

ಕೆಂಪವ್ವ ಅಲ್ಲೇ ಕರಾರು ಹಾಕಿದರು. ಒಂದು ತಿಂಗಳ ಕ್ಲಾಸು. ಕೊನೆಗೆ ಕಲಿತವರೇ ಒಂದು ಖರೆ ಮದುವೆಯ ಕ್ಯಾಸೆಟ್ಟು ಮಾಡಿ ಆ ಮನೆಯವರಿಗೆ ತೋರಿಸಬೇಕು. ಮನೆಯವರು ಒಪ್ಪಿದರೆ ಕ್ಲಾಸು ಮುಂದುವರಿಯುತ್ತದೆ, ನಾನೇ ಕಲಿಸುವವಳು. ಒಪ್ಪದಿದ್ದರೆ ಕಂಪ್ಯೂಟರು ಟೈಪಿಂಗ್ ಕಲಿಸುವವರ ಪಾಲು.

ಯಾವ ಮದುವೆ ಎನ್ನುವುದನ್ನು ನಮ್ಮವರು ಕೊಟ್ಟರು. ಹುಕ್ಕೇರಿಯ ಅಣ್ಣಾಸಾಹೇಬರ ಇಬ್ಬರು ಹೆಣ್ಣುಮಕ್ಕಳ ಮದುವೆ ಒಂದೇ ಮಂಟಪದಲ್ಲಿ ಆಗಿತ್ತು. ಅದನ್ನು ಇವರೇ ಶೂಟ್ ಮಾಡಿದ್ದರು.

“ಅಣ್ಣಾಸಾಹೇಬ ನಮ್ಮ ಖಾಸ ಮಂದಿ,” ಎಂದರು. “ನೋಡ ಮತ್ತ, ಹೆಸರ ಕೆಡಸಿಗಿಡಸೀರಿ.”

“ಯಾರ ಹೆಸರ?”

“ಸ್ಟುಡಿಯೋದ್ದ. ಮತ್ಯಾರದ?”

ಮೂಡಲಗಿಯಲ್ಲಿ ಡೇರಿಯ ಬಾಜೂ ಒಂದು ಕೋಣೆ. ಒಂದು ಕಂಪ್ಯೂಟರು, ಐದು ಕುರ್ಚಿ, ನಾಲ್ವರು ಹೆಂಗಸರು. ಇಬ್ಬರು ಹೊಲಿಗೆ ಯಂತ್ರ ಬಲ್ಲ ಅಕ್ಕತಂಗಿಯರು. ಮೂರನೆಯವಳು ನಂದಿನಿ, ಪಿಯುಸಿ ಮುಗಿಸಿ ಮನೆಯಲ್ಲಿದ್ದವಳು. ನಾಲ್ಕನೆಯವಳು ನಂದಿನಿಯ ತಾಯಿ ಉದ್ದವ್ವ. ಮಮದಾಪುರದಿಂದ ಬಂದು ಮೂಡಲಗಿಯಲ್ಲಿ ನೆಲೆಸಿ, ಮಂದಿಯ ಹೊಲದಲ್ಲಿ ಕಳೆ ತೆಗೆಯುವ ಕೆಲಸ ಮಾಡಿಕೊಂಡಿದ್ದವಳು. ಸಂಘದ ಪಟ್ಟಿಗೆ ನಾಲ್ಕು ಹೆಸರು ಬೇಕಾಗಿದ್ದವು, ಮೂರೇ ಸಿಕ್ಕಿದ್ದವು. ಮಗಳ ಜೊತೆ ಬಾಗಿಲವರೆಗೆ ಬಂದ ಉದ್ದವ್ವನ ಹೆಸರನ್ನು ಕೆಂಪವ್ವ ನಿಂತಲ್ಲೇ ಬರೆದುಕೊಂಡಿದ್ದರು.

ಮೊದಲ ದಿನ ಮೌಸ್ ಕೈಗೆ ಕೊಟ್ಟಾಗ ಉದ್ದವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದಕ್ಕೇನಂತಾರ್ರಿ ಬಾಯಾರ?”

“ಮೌಸ್. ಇಲಿ ಅಂತ ಅರ್ಥ.”

“ಮನ್ಯಾಗಿನ ಇಲಿ ಹೊಡದ ಹೊಡದ ಸಾಕಾಗೇತಿ, ಇಲ್ಲಿ ಸಾಕಬೇಕೇನ್ರಿ? ಬಾಲ ಹಿಡೀಲ್ಯೋ, ಬೆನ್ನ ಹಿಡೀಲ್ಯೋ?”

ನನ್ನ ದಿನಚರಿ ಹೀಗಿತ್ತು. ಬೆಳಿಗ್ಗೆ ಗೋಕಾಕದಲ್ಲಿ ನಮ್ಮ ಕಂಪ್ಯೂಟರಿನ ಮುಂದೆ ಕೂತು ಒಂದು ಹೊಸದು ಕಲಿಯುವುದು, ತಪ್ಪಿ ತಪ್ಪಿ, ಅಳಿಸಿ ಅಳಿಸಿ. ಹನ್ನೊಂದರ ಬಸ್ಸಿನಲ್ಲಿ ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಮೂಡಲಗಿಗೆ ಹೋಗುವುದು. ಮಧ್ಯಾಹ್ನ ಹುಟ್ಟಿನಿಂದಲೇ ಬಲ್ಲವಳಂತೆ ಕಲಿಸುವುದು. ನನ್ನ ವಿದ್ಯಾರ್ಥಿಗಳಿಗಿಂತ ನಾನು ಬರೇ ನಾಲ್ಕು ತಾಸು ಮುಂದಿದ್ದೆ.

ಆದರೂ ಆ ತಿಂಗಳಷ್ಟು ಹುರುಪಿನಿಂದ ನಾನು ಎಂದೂ ಬಸ್ಸು ಹತ್ತಿರಲಿಲ್ಲ. ನನಗೆ ಅರ್ಧ ಅರ್ಥವಾದದ್ದು ಅವರಿಗೆ ಹೇಳುವಾಗ ಪೂರ್ತಿ ಅರ್ಥವಾಗುತ್ತಿತ್ತು. ಪರದೆಯ ಮೇಲೆ ತುಂಡುತುಂಡು ಚಿತ್ರಗಳು ಸಾಲಾಗಿ ಕೂರುವುದನ್ನು ಹೇಗೆ ತಿಳಿಸಲಿ ಎಂದು ತಡಕಾಡುತ್ತಿದ್ದಾಗ, “ಘಟಪ್ರಭಾ ಸ್ಟೇಶನ್ನಿನ್ಯಾಗ ರೈಲ ಡಬ್ಬಿ ನೋಡೀರಿಲ್ಲ, ಹಂಗ,” ಎಂದುಬಿಟ್ಟೆ. ಹೇಳಿದ ಮೇಲೆಯೇ ನನಗೂ ಅದು ಹಾಗೆ ಕಂಡದ್ದು. ಎಲ್ಲ ಜೋಡಿಸಿಯಾದ ಮೇಲೆ ಕಂಪ್ಯೂಟರು ತಾಸುಗಟ್ಟಲೆ ಕೂತು ಅದನ್ನು ಒಂದು ಮಾಡುತ್ತದಲ್ಲ, ಅದಕ್ಕೆ ಅವರು “ಬೇಯಾಕತ್ತೈತಿ” ಎಂದರು. ಅದಕ್ಕಿಂತ ಒಳ್ಳೆಯ ಹೆಸರು ನನಗೆ ಇಂದಿಗೂ ಸಿಕ್ಕಿಲ್ಲ.

ಕಷ್ಟವಾಗುತ್ತಿದ್ದದ್ದು ಪ್ರಶ್ನೆಗಳು. ಮುಖ್ಯವಾಗಿ ಉದ್ದವ್ವನವು.

“ಇದನ್ನ ಯಾಕ ಕಟ್ ಮಾಡಬೇಕ್ರಿ?”

“ಅಲ್ಲಿ ಏನೂ ನಡಿಯಾಕತ್ತಿಲ್ಲಲಾ, ಅದಕ್ಕ.”

“ಏನೂ ನಡಿಯಾಕತ್ತಿಲ್ಲ ಅಂತ ಹೆಂಗ ಗೊತ್ತ ಆಗತೈತ್ರಿ?”

ಎಂಟು ವರ್ಷ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ನಮ್ಮವರು ಮೊದಲ ದಿನ ಹೇಳಿಕೊಟ್ಟಿದ್ದರು: ಮೂರು ತಾಸಿನ ಕ್ಯಾಸೆಟ್ಟು, ಯಾರಾದರೂ ಸುಮ್ಮನೆ ನಿಂತರೆ ಅಲ್ಲಿ ಕಟ್. ನಾನು ಅದನ್ನು ಪಾಲಿಸಿದ್ದೆ. “ಯಾರೂ ಮಾತಾಡವಲ್ರು, ಯಾರೂ ಏನೂ ಮಾಡವಲ್ರು ಅಂದ್ರ ಕಟ್,” ಎಂದು ಹಲಗೆಯ ಮೇಲೆ ಬರೆದೂ ಬಿಟ್ಟೆ. ಓದಲು ಬಾರದ ಉದ್ದವ್ವ ಆ ಸಾಲನ್ನು ಬಹಳ ಹೊತ್ತು ನೋಡುತ್ತ ಕೂತಳು.

ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು. ಉದ್ದವ್ವ ನನಗಿಂತ ಎಂಟು ಹತ್ತು ವರ್ಷ ಹಿರಿಯಳು. ಮೊದಲ ವಾರ ನಾನು ಅವಳನ್ನು ನೀ, ನಿನ್ನ ಎಂದೇ ಮಾತಾಡಿಸುತ್ತಿದ್ದೆ. ಹೊಲಕ್ಕೆ ಬರುವ ಹೆಂಗಸರನ್ನು ನಮ್ಮ ಮನೆಗಳಲ್ಲಿ ಹಾಗೆಯೇ ಕರೆಯುವುದು, ಅದರಲ್ಲಿ ವಿಚಾರ ಮಾಡುವಂಥದ್ದೇನಿದೆ ಎಂದು ಅನಿಸಿರಲೂ ಇಲ್ಲ. ಮೂರನೆಯ ವಾರ ಒಂದು ಮಧ್ಯಾಹ್ನ “ಉದ್ದವ್ವಾ, ನೀವು ಒತ್ರಿ” ಎಂದದ್ದು ನನ್ನ ಕಿವಿಗೇ ಬಿತ್ತು. ಯಾವಾಗಿನಿಂದ ಹಾಗೆ ಅನ್ನುತ್ತಿದ್ದೆನೋ ಗೊತ್ತಿಲ್ಲ. ಅವರು ಮಾತ್ರ ಏನೂ ಆಗದವರಂತೆ ಒತ್ತಿದರು.

ಹುಕ್ಕೇರಿಯ ಮದುವೆಯನ್ನು ನಾಲ್ವರೂ ಪಾಲು ಹಾಕಿಕೊಂಡು ಜೋಡಿಸಿದರು. ಕೊನೆಯ ಭಾಗ, ಹೆಣ್ಣುಮಕ್ಕಳು ತವರು ಬಿಟ್ಟು ಹೊರಡುವುದು, ನಂದಿನಿ ಮತ್ತು ಉದ್ದವ್ವನ ಪಾಲಿಗೆ ಬಂತು. ಅದರಲ್ಲಿ ಒಡಪಿನ ದೃಶ್ಯವಿತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ, ಒಡಪು ಕಟ್ಟಿ, ಪ್ರಾಸದೊಳಗಿಟ್ಟು ಹೇಳಬೇಕು. ಮದುಮಗಳು ಹೊರಡುವಾಗ ಸೋದರತ್ತೆಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಬಿಡೆವು ಎಂದು ಹಟ ಹಿಡಿಯುತ್ತಾರೆ.

ಹಿರಿಯವಳು ತ್ರಿಶಲಾ, ನಾಚಿಕೆಯ ಹುಡುಗಿ. ಅವಳ ಗಂಡ ಭರತೇಶ. ಕಿರಿಯವಳು ಮೇಘಾ, ಬಾಯಿಬಡಕಿ. ಅವಳ ಗಂಡ ತೇಜಸ. ಮೊದಲು ತ್ರಿಶಲಾ ಹೇಳಿದಳು:

“ಅಂಗಳದಾಗ ಮಲ್ಲಿಗಿ, ಅಟ್ಟದ ಮ್ಯಾಲ ಬೆಲ್ಲ, ಹೆಸರ ಹೇಳಂತ ನಿಂತಾರ ಮಂದಿಯೆಲ್ಲ…”

ಅಲ್ಲಿಗೆ ನಿಂತಳು. ಹೆಸರು ಬರಲಿಲ್ಲ. ತುಸು ಹೊತ್ತಿನ ಮೇಲೆ, ಬಹಳ ಸಣ್ಣ ದನಿಯಲ್ಲಿ, “ಭರತೇಶರು” ಎಂದಳು. ಮೇಘಾ ತಡಮಾಡಲಿಲ್ಲ:

“ಚಹಾ ಕುಡಿಯೂ ಕಪ್ಪಿಗೆ ಬಂಗಾರದ ಕಟ್ಟು, ತೇಜಸರ ಮನಿಗೆ ಹೊಂಟೇನಿ ತವರಮನಿ ಬಿಟ್ಟು.”

ಅದರ ಬೆನ್ನಿಗೇ ನಮ್ಮವರ ಕ್ಯಾಮೆರಾ ಆ ಹುಡುಗಿಯರ ಅಜ್ಜಿ ಪದ್ಮವ್ವನ ಕಡೆ ತಿರುಗಿತ್ತು. ಎಂಬತ್ತು ದಾಟಿದ ಮುದುಕಿ ಬೊಚ್ಚುಬಾಯಿ ಆಡಿಸುತ್ತ, ಬಾಜೂ ಕೂತವರಿಗೆ ಏನೋ ಹೇಳುತ್ತ ನಗುತ್ತಿದ್ದರು.

“ನಡುವ ಸುಮ್ಮ ನಿಂತಾಳಲಾ ತ್ರಿಶಲಾ, ಅಷ್ಟ ತಗದ ಬಿಡ್ರಿ,” ಎಂದೆ ನಾನು. ನಂದಿನಿ ಎಣಿಸಿದಳು. ಒಂಬತ್ತು ಸೆಕೆಂಡು. ಬ್ಲೇಡಿನ ಚಿತ್ರ ಒತ್ತಿ ಈ ಕಡೆ ಒಂದು, ಆ ಕಡೆ ಒಂದು ಕಟ್ ಹಾಕಿ ನಡುವಿನದನ್ನು ತೆಗೆದಳು. ಮುಂದಿನ ಡಬ್ಬಿ ಸರಿದು ಬಂದು ಕೂಡಿಕೊಂಡಿತು.

ಕ್ಲಾಸಿನ ಕೊನೆಯ ದಿನ ನಾಲ್ಕು ಗಂಟೆಗೆ ಹುಕ್ಕೇರಿಯಲ್ಲಿ ಕ್ಯಾಸೆಟ್ಟು ತೋರಿಸಬೇಕಿತ್ತು. ಅದರ ಹಿಂದಿನ ದಿನ ನಾನು ಬೆಳಗಿನ ಮೊದಲ ಬಸ್ಸಿಗೇ ಹೋಗಿದ್ದೆ; ಕೆಂಪವ್ವ ತಾವೇ ಒಮ್ಮೆ ನೋಡಲು ಬಂದು ಕುರ್ಚಿ ಎಳೆದುಕೊಂಡು ಕೂತರು. ಅರಿಷಿಣ, ದೇವರ ಪೂಜೆ, ಅಕ್ಷತೆ, ಊಟ, ಎಲ್ಲ ಸರಿಯಾಗಿತ್ತು. ಕೆಂಪವ್ವ ಎರಡು ಸಲ “ಅಡ್ಡಿಯಿಲ್ಲ” ಎಂದರು. ಒಡಪು ಬಂತು.

ತ್ರಿಶಲಾ ಮಲ್ಲಿಗೆ, ಬೆಲ್ಲ ಎಲ್ಲ ಹೇಳಿದಳು. ಆಮೇಲೆ ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಪರದೆಯ ಮೇಲೆ ಈಗ ಮೇಘಾ. ಅವಳು ಕಣ್ಣರಳಿಸಿ, ಕೈ ತಿರುವಿ ಬಾಯಿ ಆಡಿಸುತ್ತಿದ್ದಾಳೆ, ಕೇಳುತ್ತಿರುವುದು ಬರೇ ಹೆಂಗಸರ ಗುಸುಗುಸು. ಅವಳು ಬಾಯಿ ಮುಚ್ಚುವ ಹೊತ್ತಿಗೆ ಸರಿಯಾಗಿ, ಸಣ್ಣ ನಾಚಿಕೆಯ ದನಿಯಲ್ಲಿ, “ಭರತೇಶರು” ಎಂದು ಕೇಳಿತು. ಅಕ್ಕನ ಗಂಡನ ಹೆಸರು.

ಪರದೆಯ ಮೇಲೆ ಪದ್ಮವ್ವ ಅಜ್ಜಿ ಬಂದರು. ಬೊಚ್ಚುಬಾಯಿ ಆಡಿಸಿದರು. ಇಪ್ಪತ್ತರ ಹುಡುಗಿಯ ಖಣಖಣ ದನಿಯಲ್ಲಿ, ತೇಜಸರ ಮನೆಗೆ ಹೊರಟೇನೆಂದು ಸಾರಿದರು.

ಹೊಲಿಗೆಯ ಅಕ್ಕತಂಗಿಯರು ಸೆರಗು ಬಾಯಿಗೆ ಹಿಡಿದು ನೆಲಕ್ಕೇ ಕೂತುಬಿಟ್ಟರು. ನಂದಿನಿಯ ಕಣ್ಣಲ್ಲಿ ನೀರು. ಉದ್ದವ್ವ ಹೊಟ್ಟೆ ಹಿಡಿದುಕೊಂಡು, “ಯವ್ವಾ, ಆಯಿಗಿ ಈ ವಯಸ್ಸಿನ್ಯಾಗ ಹೊಸಾ ಗಂಡ,” ಎಂದರು. ನಗದವರು ಇಬ್ಬರೇ, ಕೆಂಪವ್ವ ಮತ್ತು ನಾನು.

“ಇದೇನಿದು?” ಎಂದರು ಕೆಂಪವ್ವ.

ನನಗೆ ಏನೂ ಹೊಳೆಯಲಿಲ್ಲ. ಕ್ಯಾಸೆಟ್ಟಿನಲ್ಲಿ ಚಿತ್ರ ಎಲ್ಲಿರುತ್ತದೋ ದನಿಯೂ ಅಲ್ಲೇ ಇರುತ್ತದೆ. ಒಂದನ್ನು ಬಿಟ್ಟು ಒಂದು ಓಡಿಹೋದದ್ದನ್ನು ನಾನು ಕಂಡೇ ಇರಲಿಲ್ಲ.

“ವೈರಸ್ ಬಂದಿರಬೇಕ್ರಿ,” ಎಂದೆ.

“ವೈರಸ್ ಅಂದ್ರೇನ್ರಿ ಬಾಯಾರ?” ಎಂದರು ಉದ್ದವ್ವ, ಕಣ್ಣೊರೆಸಿಕೊಳ್ಳುತ್ತ. “ಮದುವಿ ಪೂರಾ ಬಿಟ್ಟ ಒಡಪಿಗಿ ಅಷ್ಟ ಬರತೈತೇನ್ರಿ ಅದು?”

ಕೆಂಪವ್ವ ಎದ್ದರು. “ರೂಪಾಲಿ ಬಾಯಿ, ನಾಳೆ ನಾಲ್ಕಕ್ಕ ಆ ಮನ್ಯಾಗ ಇದು ಹಿಂಗ ಬಂತಂದ್ರ ಎರಡ ಸಂಸಾರ ಹಾಳ. ನಾಡದ ಟೈಪಿಂಗಿನವರು ಬಂದ ಕಂಪ್ಯೂಟರ್ ಒಯ್ತಾರ.” ಅಷ್ಟು ಹೇಳಿ ಡೇರಿಗೆ ಹೋದರು.

ನಗು ನಿಂತಿತು. ನಾಲ್ವರೂ ನನ್ನ ಮುಖ ನೋಡಿದರು. ಇಡೀ ತಿಂಗಳು ನಾಲ್ಕು ತಾಸಿನ ಮುನ್ನಡೆಯಲ್ಲಿ ಕಾಪಾಡಿಕೊಂಡು ಬಂದದ್ದು ಆ ಗಳಿಗೆಯಲ್ಲಿ ಮುಗಿದುಹೋಯಿತು.

“ವೈರಸ್ ಅಲ್ಲ. ಏನಾಗೇತೋ ನನಗ ಗೊತ್ತಿಲ್ಲ,” ಎಂದೆ. “ಖರೆ ಹೇಳಬೇಕಂದ್ರ ದಿನಾ ಮುಂಜಾನೆ ಕಲತ ಬಂದ ನಿಮಗ ಹೇಳಾಕತ್ತಿದ್ದೆ.”

“ಅದು ನಮಗ ಗೊತ್ತೈತ್ರಿ,” ಎಂದಳು ನಂದಿನಿ.

“ಹೆಂಗ?”

“ಬಸ್ ಇಳದ ಬರೂವಾಗ ಬಾಯಾಗ ಪಾಠ ಅನಕೋತ ಬರತೀರಲ್ರಿ.”

ನಾನು ಕುರ್ಚಿಯಲ್ಲಿ ಕೂತೆ. ಬೈಸಿಕೊಳ್ಳಲು ತಯಾರಾಗಿ ಬಂದವರಿಗೆ ಚಹಾ ಕೊಟ್ಟಂತಾಗಿತ್ತು ನನಗೆ. ಉದ್ದವ್ವ ಮಾತ್ರ ಪರದೆಗೆ ಮೂಗು ಹತ್ತುವಷ್ಟು ಸಮೀಪ ಹೋಗಿ ನಿಂತಿದ್ದರು. ಡಬ್ಬಿಗಳ ಸಾಲನ್ನು ಬೆರಳಿನಿಂದ ಸವರುತ್ತಿದ್ದರು.

“ಬಾಯಾರ, ಇಲ್ಲೆ ಸಾಲ ತಪ್ಪೇತಿ ನೋಡ್ರಿ.”

“ಎಲ್ಲಿ?”

“ಮ್ಯಾಲ ಚಿತ್ರದ ಸಾಲ, ಕೆಳಗ ಮಾತಿನ ಸಾಲ. ಎಲ್ಲಾ ಕಡೆ ಸರಿಗಿ ಸರಿ ನಿಂತಾವ. ಈ ಒಡಪಿನಿಂದ ಮುಂದ ಮ್ಯಾಲಿಂದು ಓಡಿ ಬಂದೈತಿ, ಕೆಳಗಿಂದು ಹಿಂದ ಉಳದೈತಿ. ಬಿತ್ತೂವಾಗ ಒಂದ ತಾಳ ಕಟ್ಟಿದ್ರ ಹಿಂಗ ಆಗತೈತ್ರಿ.”

ಬಿತ್ತನೆಯ ಕೂರಿಗೆಯಲ್ಲಿ ಬೀಜ ಇಳಿಯುವ ಒಂದು ಕೊಳವೆ ಕಟ್ಟಿಕೊಂಡರೆ ಒಂದು ಸಾಲು ಖಾಲಿ ಬೀಳುತ್ತದೆ. ಸಾಲು ನೋಡಿ ನೋಡಿ ಬದುಕಿದ ಕಣ್ಣು ಅದು. ಅವರು ಹೇಳಿದ ಮೇಲೆ ನನಗೂ ಕಂಡಿತು. ಎರಡು ಸಾಲುಗಳ ನಡುವೆ ಒಂದು ಸರಪಳಿಯ ಗುರುತು ಇರುತ್ತದೆ. ಅದು ಇದ್ದರೆ ಚಿತ್ರ, ದನಿ ಕೂಡಿಯೇ ಸರಿಯುತ್ತವೆ. ಒಡಪಿನ ಭಾಗಕ್ಕೆ ಬರುವ ಮುಂಚೆ ಅಕ್ಷತೆಯ ಕೆಳಗೆ ವಾಲಗದ ದನಿ ಸೇರಿಸುವುದನ್ನು ಕಲಿಸಲು ಆ ಸರಪಳಿ ಬಿಚ್ಚಿದ್ದೆ. ಮತ್ತೆ ಹಾಕುವುದನ್ನು ಮರೆತಿದ್ದೆ. ನಂದಿನಿ ಕತ್ತರಿಸಿದ್ದು ಚಿತ್ರವನ್ನಷ್ಟೇ. ಒಂಬತ್ತು ಸೆಕೆಂಡಿನ ದನಿ ಹಾಗೇ ಉಳಿದು, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬಂದಿತ್ತು.

ಎಷ್ಟು ಸರಳವಾದದ್ದಕ್ಕೆ ವೈರಸ್ಸನ್ನು ಕರೆದಿದ್ದೆ ನಾನು.

“ಹಂಗಾರ ಕೆಲಸ ಸುಲಭ ಐತಿ,” ಎಂದೆ. “ಕೆಳಗಿನ ಸಾಲಿನ್ಯಾಗಿಂದೂ ಆ ಒಂಬತ್ತ ಸೆಕೆಂಡ ತಗದ ಬಿಡೂಣು. ಸರಿ ಹೊಂದತೈತಿ.”

“ಬ್ಯಾಡ್ರಿ,” ಎಂದರು ಉದ್ದವ್ವ.

“ಯಾಕ?”

“ಮ್ಯಾಲಿಂದ ತಿರಗಿ ಹಾಕೂಣ್ರಿ. ಅದ ಒಡಪಿನ ಜೀವ ಐತ್ರಿ. ನೀವು ತಗೀರಿ ಅಂದಾಗನ ಬ್ಯಾಡ ಅನ್ನಬೇಕಂತಿದ್ದೆ. ಕಲಸೂ ಬಾಯಾರಿಗಿ ಹೆಂಗ ಎದರ ಮಾತಾಡೂದಂತ ಸುಮ್ಮ ಕುಂತೆ.”

“ಆಕಿ ಅಲ್ಲಿ ಏನೂ ಮಾಡವಲ್ಲಳಲಾ, ಉದ್ದವ್ವಾ.”

“ಏನೂ ಮಾಡವಲ್ಲಳ? ಹಾಕ್ರಿ, ನೋಡೂಣು.”

ಮೂಲ ಕ್ಯಾಸೆಟ್ಟಿನಿಂದ ತುಂಬಿಟ್ಟದ್ದರಲ್ಲಿ ಆ ತುಂಡು ಇನ್ನೂ ಇತ್ತು. ನಂದಿನಿ ಅದನ್ನಷ್ಟೇ ಓಡಿಸಿದಳು. ನಾವೈದೂ ಜನ ನೋಡಿದೆವು.

ಮೊದಲು ತ್ರಿಶಲಾ ಕಣ್ಣು ಕೆಳಗೆ ಹಾಕಿದಳು. ಹೆಬ್ಬೆರಳಿಗೆ ಸೆರಗಿನ ತುದಿ ಸುತ್ತಿಕೊಂಡಳು, ಬಿಚ್ಚಿದಳು. ಒಬ್ಬ ಅತ್ತೆ “ಹೇಳ ಹೇಳ” ಎಂದರು. ಮೇಘಾ ಮೊಳಕೈಯಿಂದ ತಿವಿದಳು. ತ್ರಿಶಲಾ ಒಮ್ಮೆ ಹಿಂದೆ ಹೊರಳಿ ಮನೆಯ ಒಳಗೆ ನೋಡಿದಳು. ಯಾರನ್ನು ನೋಡಿದಳೋ, ಅಡುಗೆಮನೆಯ ಬಾಗಿಲನ್ನೋ. ಪಕ್ಕದಲ್ಲಿ ಭರತೇಶ ತನ್ನ ಹೊಸ ಬೂಟನ್ನು ನೋಡಿಕೊಳ್ಳುತ್ತ ನಿಂತಿದ್ದ. ಏಳನೆಯ ಸೆಕೆಂಡಿಗೆ ಅವಳು ಓರೆಗಣ್ಣಿನಲ್ಲಿ ಅವನನ್ನು ನೋಡಿದಳು. ನೋಡಿ, ತುಟಿಯ ಒಂದು ಮೂಲೆಯಲ್ಲಿ ನಕ್ಕಳು. ಆಮೇಲೆ ಹೆಸರು ಹೇಳಿದಳು.

ನಾನು ಮತ್ತೊಮ್ಮೆ ಹಾಕಿಸಿದೆ. ಅಷ್ಟರಲ್ಲಿ ಆ ಹುಡುಗಿ ಏನೆಲ್ಲ ಮಾಡಿದ್ದಳು. ಅದೇ ಮನೆಯಲ್ಲಿ ಇಪ್ಪತ್ನಾಲ್ಕು ವರ್ಷ ಬೆಳೆದು, ಒಂಬತ್ತು ಸೆಕೆಂಡಿನಲ್ಲಿ ಆ ಕಡೆಯಿಂದ ಈ ಕಡೆಗೆ ಬಂದಿದ್ದಳು. ನನ್ನ ಕಣ್ಣಿಗೆ ಅದು ಖಾಲಿ ಜಾಗವಾಗಿ ಕಂಡಿತ್ತು.

ನೂರಾರು ಮದುವೆಗಳಲ್ಲಿ ಇಂಥವು ಎಷ್ಟು ತೆಗೆದುಹಾಕಿದ್ದೆನೋ ಎಂದುಕೊಂಡೆ. ಮಾತಾಡುವುದು ಬಹುಪಾಲು ಗಂಡಸರು, ಮೈಕು ಅವರ ಕೈಯಲ್ಲಿ. ಹೆಂಗಸರು ಸುಮ್ಮನೆ ನಿಂತಿರುತ್ತಾರೆ, ಸುಮ್ಮನೆ ನಿಂತು ಎಲ್ಲವನ್ನೂ ಮಾಡುತ್ತಾರೆ. ಅದು ಗೊತ್ತಿರಬೇಕಾದವಳು ನಾನೇ ಅಲ್ಲವೇ? ಪರದೆಯ ಹಿಂದೆ ಎಂಟು ವರ್ಷ ನಾನೂ ಸುಮ್ಮನೆ ಕೂತಿದ್ದೆ. ಆದರೆ ಅಳುವ ಹಾಗೇನೂ ಆಗಲಿಲ್ಲ. ಬದಲಿಗೆ, ಮನೆಯಲ್ಲೇ ಇದ್ದ ಒಂದು ಕೋಣೆಯ ಬಾಗಿಲು ಈಗ ಕಂಡವರಂತೆ, ಒಳಹೊಕ್ಕು ನೋಡುವ ಅವಸರವಾಯಿತು.

“ತಿರಗಿ ಹಾಕ್ರಿ,” ಎಂದೆ. “ನೀವ ಹಾಕ್ರಿ ಉದ್ದವ್ವಾ. ಮೊದಲ ಸರಪಳಿ.”

ಉದ್ದವ್ವ ಸರಪಳಿ ಹಾಕಿದರು. ಒಂಬತ್ತು ಸೆಕೆಂಡನ್ನು ಅದರ ಜಾಗಕ್ಕೆ ಕೂರಿಸಿದರು. ಮೇಲಿನ ಸಾಲು, ಕೆಳಗಿನ ಸಾಲು ಸರಿಗೆ ಸರಿ ನಿಂತವು. ಹಲಗೆಯ ಮೇಲಿನ ನನ್ನ ವಾಕ್ಯವನ್ನು ನಂದಿನಿ ಒರೆಸಿದಳು. ಹೊಸದೇನು ಬರೆಯಲಿ ಎಂದು ಕೇಳಿದಳು. ಸದ್ಯ ಖಾಲಿ ಇರಲಿ ಎಂದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಕಂಪ್ಯೂಟರು ಬೇಯುತ್ತ ಕೂತಿತು. ಕರೆಂಟು ಹೋಗದಿರಲಿ ಎಂದು ನಾಲ್ವರೂ ನಾಲ್ಕು ದೇವರಿಗೆ ಹೇಳಿಕೊಂಡರು. ಒಮ್ಮೆಯೂ ಹೋಗಲಿಲ್ಲ.

ಹುಕ್ಕೇರಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು. ಇಬ್ಬರು ಹೆಣ್ಣುಮಕ್ಕಳೂ ಗಂಡಂದಿರ ಜೊತೆ ತವರಿಗೆ ಬಂದಿದ್ದರು. ನಮ್ಮವರು ಸ್ಕೂಟರಿನಲ್ಲಿ ಬಂದು ಬಾಗಿಲ ಬಳಿ ನಿಂತಿದ್ದರು. ಕೆಂಪವ್ವ ಪರೀಕ್ಷೆಗೆ ಬಂದ ಸಾಹೇಬರಂತೆ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಉದ್ದವ್ವ ಹೊಸ್ತಿಲಲ್ಲೇ ತಡೆದದ್ದನ್ನು ಪದ್ಮವ್ವ ಅಜ್ಜಿ ಕಂಡರು.

“ಅಲ್ಲಿಂದ ಟಿವಿ ಕಾಣಂಗಿಲ್ಲವಾ. ಮುಂದ ಬಾ, ನನ್ನ ಬಾಜೂ ಕುಂಡ್ರು.”

ಉದ್ದವ್ವ ಹೋಗಿ ಕೂತರು. ಕ್ಯಾಸೆಟ್ಟು ಓಡಿತು. ಅಣ್ಣಾಸಾಹೇಬರು ತಮ್ಮ ತಲೆಯ ಪಟಕಾ ಸರಿಯಿದೆಯೇ ಎಂದು ನೋಡಿಕೊಂಡರು; ಅತ್ತೆಯಂದಿರು ತಮ್ಮ ಸೀರೆ ನೋಡಿಕೊಂಡರು. ಒಡಪು ಬಂತು. ಬೆಲ್ಲ ಎಂದಾಯಿತು, ಮಂದಿಯೆಲ್ಲ ಎಂದಾಯಿತು. ತ್ರಿಶಲಾ ನಿಂತಳು.

ಮನೆ ತುಂಬ ಮಂದಿ ಇದ್ದರೂ ಟಿವಿಯೊಳಗಿನ ಬಳೆಯ ಸದ್ದು ಕೇಳಿಸಿತು. ಆ ಓರೆನೋಟ ಬಂದು, ನಗು ಬಂದು, ಹೆಸರು ಬಂದಾಗ ಒಮ್ಮೆಲೇ ಎಲ್ಲರೂ ನಕ್ಕರು. ಭರತೇಶ ನಗಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಟಿವಿಯನ್ನೇ ನೋಡುತ್ತಿದ್ದ.

“ನೀ ನಕ್ಕಿದ್ದೇನ ಅವತ್ತ?” ಎಂದು ಮೆಲ್ಲಗೆ ಹೆಂಡತಿಯನ್ನು ಕೇಳಿದ. “ನಾ ನೋಡೇ ಇಲ್ಲ.”

“ಬೂಟ ನೋಡಾಕತ್ತಿದ್ರಿ ನೀವು,” ಎಂದಳು ಮೇಘಾ, ಅಕ್ಕನ ಪರವಾಗಿ.

“ಹಿಂದ ಹೊರಳಸ್ರಿ,” ಎಂದರು ಪದ್ಮವ್ವ. ಹೊರಳಿಸಿದೆವು. ಇನ್ನೊಮ್ಮೆ ಎಂದರು. ಮೂರನೆಯ ಸಲ ಮುಗಿದ ಮೇಲೆ ಸೆರಗಿನಿಂದ ಕಣ್ಣಂಚು ಒರೆಸಿಕೊಂಡು, “ಯಾರ ಮಾಡಿದ್ದಿದು?” ಎಂದು ಕೇಳಿದರು.

“ಬಾಯಾರ ಕಲಸ್ಯಾರ್ರಿ,” ಎಂದರು ಉದ್ದವ್ವ.

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಕೆಂಪವ್ವ ಆಗಲೇ ಒಪ್ಪಿ ತಲೆಯಾಡಿಸುತ್ತಿದ್ದರು. ಆದರೆ ನನಗೆ ಸುಮ್ಮನಿರಲು ಆಗಲಿಲ್ಲ.

“ನಾ ಇದನ್ನ ಕಟ್ ಮಾಡ್ರಿ ಅಂದಿದ್ದೆರಿ ಆಯಿ. ಉದ್ದವ್ವ ಬಿಡಲಿಲ್ಲ. ತಪ್ಪ ಹುಡಕಿದವರೂ ಅವರ.”

ಕೆಂಪವ್ವನ ಹುಬ್ಬು ಮೇಲೇರಿತು. “ಅಂದ್ರ ನಿನಗ ಬರತಿದ್ದಿಲ್ಲ?”

“ಪೂರಾ ಬರತಿದ್ದಿಲ್ರಿ. ಕಲಸ್ಕೋತ ಕಲತೆ.”

“ಮತ್ತ ಅವತ್ತ ಹೂಂ ಅಂದಿ?”

ಬಾಗಿಲಲ್ಲಿ ನಮ್ಮವರು ಕೆಮ್ಮಿದರು. ಒಂದು ತಿಂಗಳ ಬಸ್ಸು, ಹಲಗೆ, ಐದು ಕುರ್ಚಿ, ಎಲ್ಲವೂ ಕೆಂಪವ್ವನ ಆ ಹುಬ್ಬಿನ ಮೇಲೆ ನಿಂತಿದ್ದವು. ಆಗ ಪದ್ಮವ್ವ ಅಜ್ಜಿ ನಡುವೆ ಬಾಯಿ ಹಾಕಿದರು.

“ಕಲತಾಳೋ ಇಲ್ಲೋ ನಾ ಪರೀಕ್ಷಾ ಮಾಡತೇನಿ, ನೀ ಸುಮ್ಮ ಕುಂಡ್ರ. ಏ ತಂಗಿ, ಒಂದ ಒಡಪ ಹೇಳ. ಹಳೇದ ನಡ್ಯಂಗಿಲ್ಲ, ಹೊಸಾದ. ಹೇಳಿದ್ರ ಕ್ಯಾಸೆಟ್ ಪಾಸ್.”

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು, ಒಡಪು ಹೇಳಿ ಹದಿನೈದಾದರೂ ಆಗಿರಬೇಕು. ಮೊದಲ ಸಾಲು ಬರಲಿಲ್ಲ. ನಾನು ನೆಲ ನೋಡಿದೆ. ಯಾರೋ “ಹೇಳ ಹೇಳ” ಎಂದರು. ನಂದಿನಿ ಬೆರಳು ಮಡಚಿ ಎಣಿಸುತ್ತಿದ್ದದ್ದು ಕಂಡಿತು. ಬಾಗಿಲ ಕಡೆ ನೋಡಿದೆ. ಸ್ಕೂಟರಿನ ಕೀಲಿ ತಿರುವುತ್ತಿದ್ದ ಅವರ ಕೈ ನಿಂತಿತ್ತು. ಯಾಕೋ ನಗು ಬಂತು.

“ಮ್ಯಾಲ ಚಿತ್ರದ ಸಾಲು, ಕೆಳಗ ಮಾತಿನ ಸಾಲು,” ಎಂದೆ, “ಮಹಾವೀರರ ಸ್ಟುಡಿಯೋದಾಗ ನಂದೂ ಅರ್ಧ ಪಾಲು.”

ಆ ಮನೆಯ ಹಂಚು ಹಾರಿಹೋಗುವ ಹಾಗೆ ನಗು ಎದ್ದಿತು. ಅಜ್ಜಿ ಬೊಚ್ಚುಬಾಯಿ ಬಿಟ್ಟು, “ಪಾಸ್, ಪಾಸ್,” ಎಂದರು.

“ಅರ್ಧ ಪಾಲಂತ ಯಾವಾಗ ಠರಾವ ಆತು?” ಎಂದರು ನಮ್ಮವರು.

“ಇನ್ನ ಅದನ್ನ ಕಟ್ ಮಾಡಾಕ ಬರಂಗಿಲ್ರಿ ಸಾಹೇಬ್ರ,” ಎಂದರು ಉದ್ದವ್ವ. “ಎಲ್ಲಾರೂ ಕೇಳ್ಯಾರ.”

ಕೆಂಪವ್ವ ಕೈಗೆ ಬಂದ ಪೇಢೆಯನ್ನು ಅರ್ಧ ಕಚ್ಚಿ, ನಿಧಾನವಾಗಿ ನುಂಗಿದರು.

“ಟೈಪಿಂಗಿನವರಿಗಿ ನಾ ಹೇಳತೇನಿ,” ಎಂದರು. “ಸೋಮವಾರದಿಂದ ಎರಡನೇ ಬ್ಯಾಚ್. ಆರ ಮಂದಿ ಹೆಸರ ಕೊಟ್ಟಾರ. ರೂಪಾಲಿ ಬಾಯಿ, ಹನ್ನೊಂದರ ಬಸ್ಸಿಗೇ ಬಾ.” ಆಮೇಲೆ ಅಜ್ಜಿಯ ಬಾಜೂ ತಿರುಗಿ, “ಉದ್ದವ್ವಾ, ನೀನೂ ಬಾ. ಕಲಿಯಾಕಲ್ಲ, ಕಲಸಾಕ.”

ಉದ್ದವ್ವ ಬಾಯಲ್ಲಿದ್ದ ಪೇಢೆ ಮುಗಿಸಿ, ಸ್ವಲ್ಪ ಯೋಚಿಸಿದರು.

“ಸೋಮವಾರ ಕಬ್ಬಿನಾಗ ಕಳೇವು ಐತ್ರಿ,” ಎಂದರು. “ಮಂಗಳವಾರದಿಂದ ಬರತೇನಿ.”